ಮೇಯರ್ ಹೆಜ್ಜಾರ್ಲೆಯ ಮೌಲ್ಯಗಳು

ಪುಸ್ತಕ ಕೈಗೆ ಬಂದ ಕೂಡಲೇ ಮಗು ಮೊದಲ ಪುಟ ತೆರೆಯುತ್ತದೆ. ಪುಸ್ತಕ ಆಯ್ಕೆ ಸಮಿತಿಯ ದೊಡ್ಡವರು ಹಾಗಲ್ಲ. ಅವರು ಪುಸ್ತಕವನ್ನು ಮಗುಚಿ ಹಿಂದಿನ ರಟ್ಟು ನೋಡುತ್ತಾರೆ. ಅಲ್ಲಿ ಒಂದು ಚೌಕವಿರುತ್ತದೆ. ಔಷಧದ ಡಬ್ಬಿಯ ಮೇಲೆ ಒಳಗೇನಿದೆ ಎಂದು ಬರೆದ ಹಾಗೆ, ಪುಸ್ತಕದೊಳಗೆ ಯಾವ ಯಾವ ಮೌಲ್ಯಗಳಿವೆ ಎಂದು ಆ ಚೌಕದಲ್ಲಿ ಅಚ್ಚು ಮಾಡಿರುತ್ತಾರೆ: ಪ್ರಾಮಾಣಿಕತೆ, ಸಹನೆ, ಹಿರಿಯರಲ್ಲಿ ಗೌರವ. ಎರ್ಮಿಂದಾ ಬುಸ್ತಿನ್ಸಾ ಮೊಯೆಂದೊ ಎಂಬ ಬಂದರು ಊರಿನ ಶಾಲೆಯೊಂದರ ಗ್ರಂಥಪಾಲಕಿಯಾಗಿ ಹತ್ತೊಂಬತ್ತು ವರ್ಷ ಈ ಸಮಿತಿಯಲ್ಲಿ ಕೂತಿದ್ದಳು. ಅಷ್ಟು ವರ್ಷಗಳಲ್ಲಿ ಒಬ್ಬರಾದರೂ ಪುಸ್ತಕದ ಒಳಗೆ ಇಣುಕಿದ್ದನ್ನು ಅವಳು ಕಂಡಿರಲಿಲ್ಲ.

ಆ ಶಾಲೆಯಲ್ಲಿ ತಿಂಗಳಿಗೊಂದು ಮೌಲ್ಯ. ಮಾರ್ಚಿನಲ್ಲಿ ಶಾಲೆ ತೆರೆದಾಗ ಜವಾಬ್ದಾರಿ, ಏಪ್ರಿಲಿಗೆ ಪ್ರಾಮಾಣಿಕತೆ, ಮೇ ತಿಂಗಳಿಗೆ ತಾಯಿಯ ಪ್ರೀತಿ, ಜೂನಿಗೆ ಶುಚಿತ್ವ. ಹೀಗೆ ಡಿಸೆಂಬರಿನ ತನಕ. ಬಣ್ಣದ ಕಾಗದ ಕತ್ತರಿಸಿ ಬಾಗಿಲ ಪಕ್ಕದ ಹಲಗೆಗೆ ಆ ತಿಂಗಳ ಮೌಲ್ಯವನ್ನು ಅಂಟಿಸುತ್ತಿದ್ದರು. ತಿಂಗಳು ಮುಗಿದ ಸಂಜೆ ಕಿತ್ತು ಕಸದ ಬುಟ್ಟಿಗೆ ಹಾಕುತ್ತಿದ್ದರು. ಏಪ್ರಿಲ್ ಮೂವತ್ತಕ್ಕೆ ಪ್ರಾಮಾಣಿಕತೆ ಬುಟ್ಟಿ ಸೇರುವುದನ್ನು ನೋಡಿದಾಗಲೆಲ್ಲ ಎರ್ಮಿಂದಾಳಿಗೆ ಒಳಗೊಳಗೇ ನಗು. ಪ್ರತಿ ಮೌಲ್ಯಕ್ಕೂ ಹೊಂದುವ ಒಂದು ಪುಸ್ತಕ, ತಿಂಗಳ ಕೊನೆಗೆ ಅದರ ಮೇಲೊಂದು ಪರೀಕ್ಷೆ. ಇದಕ್ಕೆ ಓದಿನ ಯೋಜನೆ ಎಂದು ಹೆಸರು. ಮಕ್ಕಳಿಗೆ ಓದೆಂದರೆ ವಾಕರಿಕೆ ಬರಿಸಲು ಇದಕ್ಕಿಂತ ಒಳ್ಳೆಯ ಯೋಜನೆಯನ್ನು ಸೈತಾನನೂ ಹಾಕಲಾರ ಎಂಬುದು ಎರ್ಮಿಂದಾಳ ಅಭಿಪ್ರಾಯ. ಅದನ್ನು ಅವಳು ಮುಚ್ಚಿಟ್ಟವಳೂ ಅಲ್ಲ.

ಮುಂದಿನ ವರ್ಷದ ಪಟ್ಟಿಯನ್ನು ಡಿಸೆಂಬರಿನಲ್ಲೇ ಆರಿಸಿಬಿಡುತ್ತಿದ್ದರು. ಸಭೆಗೆ ಅರೆಕಿಪಾ ನಗರದಿಂದ ಪ್ರಕಾಶನದ ಏಜೆಂಟ್ ವಿಲ್ಬರ್ ಪಿಂತೊ ಬಂದಿಳಿಯುತ್ತಿದ್ದ. ಒಂದು ಕೈಯಲ್ಲಿ ಗಾಲಿ ಸೂಟ್‌ಕೇಸು, ಇನ್ನೊಂದರಲ್ಲಿ ಮೇಲೆ ಸಕ್ಕರೆ ಉದುರಿಸಿದ ಕಡುಬಿನಂಥ ಬಿಸಿ ಎಂಪನಾದಾಗಳ ದೊಡ್ಡ ಡಬ್ಬ. ಸೂಟ್‌ಕೇಸಿಗಿಂತ ಮೊದಲು ಡಬ್ಬ ತೆರೆಯುತ್ತಿತ್ತು.

"ರಾಣಿಯಮ್ಮ, ಮೊದ್ಲು ಒಂದು ಬಾಯಿಗೆ ಹಾಕ್ಕೊಳಿ. ಪುಸ್ತಕ ಎಲ್ಲಿಗೂ ಓಡೋಗಲ್ಲ," ಎನ್ನುತ್ತಿದ್ದ ಅವನು. ಹದಿನೆಂಟು ದಾಟಿದ ಹೆಂಗಸರೆಲ್ಲ ಅವನಿಗೆ ರಾಣಿಯಮ್ಮನೇ.

"ನಿಮ್ಮ ಪುಸ್ತಕಕ್ಕೆ ಕಾಲಿದ್ದಿದ್ರೆ ಯಾವತ್ತೋ ನಾಚ್ಕೊಂಡು ಓಡೋಗ್ತಿತ್ತು, ವಿಲ್ಬರ್," ಎನ್ನುತ್ತಿದ್ದಳು ಎರ್ಮಿಂದಾ.

ಎಲ್ಲರೂ ನಗುತ್ತಿದ್ದರು, ವಿಲ್ಬರ್ ಎಲ್ಲರಿಗಿಂತ ಜೋರಾಗಿ. ಅವನ ಚರ್ಮ ದಪ್ಪ. ಆಮೇಲೆ ಆಯ್ಕೆ ಶುರು. ಮುಖ್ಯೋಪಾಧ್ಯಾಯಿನಿ ದೋನ್ಯಾ ಪೆರ್ಪೆತುವಾ ಚೌಕಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ಐದನೇ ತರಗತಿಯ ಟೀಚರು ಮಿಸ್ ಮಾರ್ಲೆನಿ ಅದನ್ನು ತಿಂಗಳ ಪಟ್ಟಿಗೆ ತಾಳೆ ಹಾಕುತ್ತಿದ್ದಳು. ಪೋಷಕರ ಪ್ರತಿನಿಧಿ ದೋನ್ ಎಲಿಯೋದೊರೊ ಬಂದರಿನ ಕಸ್ಟಮ್ಸ್ ಕಚೇರಿಯ ಗುಮಾಸ್ತ, ಅವರು ಪ್ರತಿ ಪುಸ್ತಕವನ್ನೂ ಅಂಗೈ ಮೇಲಿಟ್ಟು ತೂಗಿ, "ಇಷ್ಟು ದುಡ್ಡಿಗೆ ಇಷ್ಟೇ ಪುಟಾನಾ?" ಎಂದು ಕೇಳುತ್ತಿದ್ದರು. ಹೀಗೆ ಆಯ್ಕೆಯಾದವು ಯಾವುವೆಂದರೆ, ಹಂಚಿ ತಿನ್ನಲು ಕಲಿತ ಒಂದು ಶಾರ್ಕು, ಅಮ್ಮನ ಮಾತು ಮೀರಿ ಪಶ್ಚಾತ್ತಾಪಪಟ್ಟ ಒಂದು ಬಸವನಹುಳು, ಊಟಕ್ಕೆ ಮುಂಚೆ ಕೈ ತೊಳೆಯುವ ಒಂದು ಡೈನೊಸಾರ್. ಚಿತ್ರಗಳಲ್ಲಿ ಶಾರ್ಕಿಗೂ ಹುಳುವಿಗೂ ಡೈನೊಸಾರಿಗೂ ಒಂದೇ ನಗು. ಹಲ್ಲಿನ ಪೇಸ್ಟಿನ ಜಾಹೀರಾತಿನಿಂದ ಕತ್ತರಿಸಿ ಅಂಟಿಸಿದ ನಗು ಅದು. ಕತೆ ಎರಡನೇ ಪುಟದಲ್ಲೇ ಮುಗಿದುಹೋಗಿರುತ್ತಿತ್ತು. ಉಳಿದ ಮೂವತ್ತು ಪುಟ ಬರೀ ಬುದ್ಧಿಮಾತು.

ಮಕ್ಕಳು ನಿಜವಾಗಿ ಓದುತ್ತಿದ್ದ ಪುಸ್ತಕ ಬೇರೆಯೇ ಇತ್ತು. ಅದು ಯಾವ ಪಟ್ಟಿಯಲ್ಲೂ ಇರಲಿಲ್ಲ. ಏಳು ವರ್ಷದ ಹಿಂದೆ ಎರ್ಮಿಂದಾ ಸ್ವಂತ ದುಡ್ಡು ಕೊಟ್ಟು ತಂದಿದ್ದ 'ಮೇಯರ್ ಹೆಜ್ಜಾರ್ಲೆ'. ನೂರಿಪ್ಪತ್ತು ಪುಟ, ಪ್ರತಿ ಪುಟದಲ್ಲೂ ಗೀಚಿದಂಥ ಕಪ್ಪು ಶಾಯಿಯ ಚಿತ್ರ. ಬಂದರಿನ ಹೆಜ್ಜಾರ್ಲೆ ಹಕ್ಕಿಯೊಂದು ಮೀನೆಂದು ತಿಳಿದು ಮೇಯರ್ ಸಾಹೇಬರ ಟೋಪನ್ನನ್ನು ಹಾರಿಸಿಕೊಂಡು ಹೋಗುತ್ತದೆ. ಬೋಳುತಲೆಯ ಮೇಯರನ್ನು ಊರು ಗುರುತಿಸುವುದಿಲ್ಲ. ಟೋಪನ್ ತೊಟ್ಟ ಹಕ್ಕಿಯನ್ನೇ ಮೇಯರ್ ಎಂದು ಕುರ್ಚಿಯಲ್ಲಿ ಕೂರಿಸುತ್ತದೆ. ಅದು ಕಡತಗಳನ್ನು ನುಂಗುತ್ತದೆ, ಬಿಷಪ್ಪರ ಮೊಣಕಾಲು ಕುಕ್ಕುತ್ತದೆ, ಸೇನಾಪತಿಯ ಪ್ರತಿಮೆಯ ಅನಾವರಣದ ದಿನ ಪ್ರತಿಮೆಯ ತಲೆಯ ಮೇಲೆ ಕೂತು ಹಿಕ್ಕೆ ಹಾಕುತ್ತದೆ. ಕೊನೆಗೆ ಊಟದ ಹೊತ್ತಾಯಿತೆಂದು ಸಮುದ್ರದ ಕಡೆ ಹಾರಿಹೋಗುತ್ತದೆ. ಅಷ್ಟೇ. ಯಾರೂ ತಿದ್ದಿಕೊಳ್ಳುವುದಿಲ್ಲ, ಯಾರೂ ಕ್ಷಮೆ ಕೇಳುವುದಿಲ್ಲ.

ಈ ಪುಸ್ತಕವೇ ಯಾಸುರಿ ಚೋಕೆಯನ್ನು ಹಿಡಿದದ್ದು. ಯಾಸುರಿ ಆಗ ನಾಲ್ಕನೇ ತರಗತಿ. ತಾಯಿ ಮಾರುಕಟ್ಟೆಯಲ್ಲಿ ಮೀನು ಕರಿಯುವವಳು. ಹುಡುಗಿ ಅದುವರೆಗೆ ಒಂದೇ ಒಂದು ಪುಸ್ತಕವನ್ನೂ ಮುಗಿಸಿದವಳಲ್ಲ. ಅಕ್ಷರ ಕಂಡರೆ ಆಕಳಿಕೆ. ಒಂದು ದಿನ ವಿರಾಮದ ಹೊತ್ತಿನಲ್ಲಿ ಕಪಾಟಿನ ಹಿಂದಿನಿಂದ ಯಾರೋ ಉಸಿರುಗಟ್ಟಿದ ಹಾಗೆ ಸದ್ದು ಮಾಡುವುದು ಕೇಳಿ ಎರ್ಮಿಂದಾ ಓಡಿಹೋಗಿ ನೋಡಿದರೆ, ಈ ಹುಡುಗಿ ನೆಲದ ಮೇಲೆ ಅಂಗಾತ ಬಿದ್ದು, ಪುಸ್ತಕವನ್ನು ಹೊಟ್ಟೆಯ ಮೇಲಿಟ್ಟುಕೊಂಡು ನಗುತ್ತಿದ್ದಳು.

"ಮಿಸ್, ಬಿಷಪ್ಪರ ಮೊಣಕಾಲು..." ಎಂದಳು. ಮುಂದೆ ಹೇಳಲಾಗಲಿಲ್ಲ.

ಹತ್ತೊಂಬತ್ತು ವರ್ಷದ ಸಂಬಳವೆಲ್ಲ ಆ ಒಂದು ಗಳಿಗೆಯಲ್ಲಿ ಸಂದಾಯವಾದಂತೆ ಎರ್ಮಿಂದಾಳಿಗೆ ಅನಿಸಿತು. ಆದರೆ ಅವಳು ಮುಖ ಗಂಟಿಕ್ಕಿಕೊಂಡು, "ನೆಲ ತಣ್ಣಗಿದೆ, ಎದ್ದು ಕೂತ್ಕೊಂಡು ನಗು," ಎಂದಳು.

ಯಾಸುರಿ ಅದನ್ನು ಐದು ಸಲ ಓದಿದಳು. ಆಮೇಲೆ ಮೆಟ್ಟಿಲ ಕೆಳಗೆ ಕೂತು ಬೇರೆಯವರಿಗೆ ಓದಿ ಹೇಳತೊಡಗಿದಳು. ಪುಸ್ತಕ ಎಷ್ಟು ಕೈ ತಾಳೀತು? ಸಮುದ್ರದ ತೇವಕ್ಕೆ ಉಬ್ಬಿ, ಟೇಪು ಹಚ್ಚಿದ ಮೇಲೆ ಟೇಪು ಹಚ್ಚಿಸಿಕೊಂಡು, ನವೆಂಬರಿನ ಹೊತ್ತಿಗೆ ನಡುವಿನ ಹದಿನಾಲ್ಕು ಪುಟ ಉದುರಿ ಎಲ್ಲೋ ಹೋದವು. ಆ ಹದಿನಾಲ್ಕು ಪುಟಗಳನ್ನು ಯಾಸುರಿ ಬಾಯಲ್ಲೇ ಹೇಳುತ್ತಿದ್ದಳು, ಮೂಲದಲ್ಲಿ ಇಲ್ಲದ್ದನ್ನೂ ಸೇರಿಸಿ.

"ಮಿಸ್, ಹೊಸದು ತರಿಸ್ತೀರಾ? ನನಗೇನು ಬೇಡ, ನನಗೆ ಬಾಯಿಗೆ ಬರುತ್ತೆ. ಒಂದನೇ ಕ್ಲಾಸಿನೋರು ಚಿತ್ರ ಎಲ್ಲಿ ಅಂತ ಕೇಳ್ತಾರೆ," ಎಂದಳು.

"ತರಿಸ್ತೀನಿ," ಎಂದಳು ಎರ್ಮಿಂದಾ. ಅವಳು ಮಕ್ಕಳಿಗೆ ಮಾತು ಕೊಡುವವಳಲ್ಲ. ಇದೊಂದನ್ನು ಕೊಟ್ಟಳು.

ಆದರೆ ಗ್ರಂಥಾಲಯಕ್ಕೆ ಬರುತ್ತಿದ್ದದ್ದು ಪಟ್ಟಿಯ ಪುಸ್ತಕ ಮಾತ್ರ. ಬೇರೆ ಕೊಳ್ಳಲು ಕಾಸಿಲ್ಲ. ಡಿಸೆಂಬರಿನ ಸಭೆಗೆ ಮುಂಚೆ ಅವಳು ವಿಲ್ಬರನನ್ನು ಪಕ್ಕಕ್ಕೆ ಕರೆದು ಕೇಳಿದಳು.

"ಹೆಜ್ಜಾರ್ಲೆನಾ? ಗೋದಾಮಿನಲ್ಲಿ ಕೊಳೀತಾ ಬಿದ್ದಿದೆ ರಾಣಿಯಮ್ಮ. ಈಗ ಬಿಡಿ ಪ್ರತಿ ಮಾರಲ್ಲ, ಮೂವತ್ತರ ಕಟ್ಟೇ ತಗೋಬೇಕು. ಯಾವ ಸ್ಕೂಲೂ ಮುಟ್ಟಲ್ಲ. ಹಿಂದೆ ಚೌಕ ಇಲ್ವಲ್ಲ! ಈ ಸಲಾನೂ ಯಾರೂ ತಗೊಳ್ದಿದ್ರೆ ಮಾರ್ಚಲ್ಲಿ ರದ್ದಿಗೆ. ಆಮೇಲೆ ನಿಮಗೆ ಎಲ್ಲೂ ಸಿಗಲ್ಲ."

"ಒಂದು ಚೌಕಕ್ಕೋಸ್ಕರನಾ?"

"ಚೌಕ ಇಲ್ದಿರೋ ಪುಸ್ತಕ ಅಂದ್ರೆ ಹೆಸರಿಡದ ಮಗು ಇದ್ದಂಗೆ. ಯಾರು ಎತ್ಕೋತಾರೆ?"

ಎರ್ಮಿಂದಾ ಮನೆಗೆ ಹೋಗಿ ಚೌಕ ತಯಾರಿಸಿದಳು. ಅದನ್ನು ಬರೆಯುವಾಗ ಅವಳಿಗಾದ ಸಂತೋಷ ಅಷ್ಟಿಷ್ಟಲ್ಲ. ಇಂಥವರ ಕಣ್ಣಿಗೆ ಮಣ್ಣೆರಚಲು ಬುದ್ಧಿಯಾದರೂ ಯಾಕೆ ಬೇಕು, ಹಿಡಿ ಮಣ್ಣಿದ್ದರೆ ಸಾಕು. ಪ್ರತಿಮೆಯ ತಲೆಯ ಮೇಲೆ ಹಿಕ್ಕೆ ಹಾಕಿದ್ದಕ್ಕೆ ಅವಳು ಬರೆದದ್ದು: 'ಸಾರ್ವಜನಿಕ ಸ್ಥಳಗಳ ಶುಚಿತ್ವ ನಮ್ಮೆಲ್ಲರ ಹೊಣೆ ಎಂದು ಹೆಜ್ಜಾರ್ಲೆ ನಮಗೆ ಕಲಿಸುತ್ತದೆ.' ಬಿಷಪ್ಪರ ಮೊಣಕಾಲು ಕುಕ್ಕಿದ್ದಕ್ಕೆ: 'ಹಿರಿಯರ ಮುಂದೆ ಮಂಡಿಯೂರುವ ವಿನಯ.' ಕಡತ ನುಂಗಿದ್ದಕ್ಕೆ: 'ಜ್ಞಾನದ ಹಸಿವು.' ಬರೆದು ಬರೆದು ಅಡುಗೆಮನೆಯಲ್ಲಿ ಒಬ್ಬಳೇ ಬಿದ್ದು ಬಿದ್ದು ನಕ್ಕಳು. ಇಡೀ ಎರಡು ಪುಟ. ಇದು ತಮಾಷೆಯೆಂದು ಯಾರಿಗೂ ಅನುಮಾನವೇ ಬರದ ಹಾಗೆ, ಕೆಳಗೆ ಹೆಸರು ಹುದ್ದೆ ಸಮೇತ ಸಹಿ ಹಾಕಿದಳು.

ದೋನ್ಯಾ ಪೆರ್ಪೆತುವಾ ಅದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿದರು. 'ಜ್ಞಾನದ ಹಸಿವು' ಎಂಬಲ್ಲಿ ಅವರ ದನಿ ನಡುಗಿತು.

"ಎರ್ಮಿಂದಾ, ಇಷ್ಟು ವರ್ಷ ಬರೀ ಕೊಂಕು ಮಾತಾಡ್ತಿದ್ರಿ. ಇದನ್ನೆಲ್ಲ ಎಲ್ಲಿ ಬಚ್ಚಿಟ್ಟಿದ್ರಿ?"

"ಶುಚಿತ್ವ ಜೂನಿಗೆ ಖಾಲಿ ಇದೆ. ಡೈನೊಸಾರನ್ನ ಕಳೆದ ವರ್ಷಾನೇ ಮಾಡ್ಬಿಟ್ವಿ," ಎಂದಳು ಮಿಸ್ ಮಾರ್ಲೆನಿ.

ದೋನ್ ಎಲಿಯೋದೊರೊ ಪುಸ್ತಕವನ್ನು ಅಂಗೈ ಮೇಲೆ ತೂಗಿದರು. "ತೂಕ ಪರವಾಗಿಲ್ಲ," ಎಂದರು.

ಒಬ್ಬರೂ ಪುಸ್ತಕ ತೆರೆಯಲಿಲ್ಲ. ತೆರೆದಿದ್ದರೆ ಮೂವತ್ತೊಂದನೇ ಪುಟದ ಪ್ರತಿಮೆ ಅವರನ್ನೇ ನೋಡುತ್ತಿತ್ತು. ಅಂದು ಎರ್ಮಿಂದಾ ವಿಲ್ಬರನ ಡಬ್ಬದಿಂದ ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಒಂದು ಎಂಪನಾದಾ ತೆಗೆದುಕೊಂಡು, ಸಕ್ಕರೆ ಉದುರಿಸಿಕೊಳ್ಳುತ್ತಾ ಸಮುದ್ರದ ದಂಡೆಗುಂಟ ಮನೆಗೆ ನಡೆದಳು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದುಕೊಂಡಳು. ಕಸ್ತೂರಿಯನ್ನು ಕತ್ತೆಯ ಬೆನ್ನ ಮೇಲೆಯೇ ಹೇರಿ ಊರೊಳಗೆ ತಂದ ತನ್ನ ಜಾಣತನಕ್ಕೆ ಅವಳಿಗೆ ತುಂಬ ಹೆಮ್ಮೆಯಾಯಿತು.

ಜೂನಿನಲ್ಲಿ ಪುಸ್ತಕಗಳು ಬಂದವು. ಮೂವತ್ತು ಹೊಸ ಪ್ರತಿ. ಐದನೇ ತರಗತಿಗೆ ಬಂದಿದ್ದ ಯಾಸುರಿ ಒಂದನ್ನು ಎತ್ತಿಕೊಂಡು, ಕಳೆದುಹೋಗಿದ್ದ ಹದಿನಾಲ್ಕು ಪುಟ ಇವೆಯೇ ಎಂದು ಎಣಿಸಿ ನೋಡಿದಳು.

"ನಾನು ಹೇಳ್ತಿದ್ದ ಹಾಗೆ ಇಲ್ಲ ಮಿಸ್, ಇಲ್ಲಿ. ನಾನು ಹೇಳ್ತಿದ್ದದ್ದು ಇನ್ನೂ ಚೆನ್ನಾಗಿತ್ತು."

"ಹೌದೌದು. ಹೋಗು, ಬರೆದವರಿಗೆ ಒಂದು ಕಾಗದ ಹಾಕು," ಎಂದಳು ಎರ್ಮಿಂದಾ. ಅವತ್ತಿನಷ್ಟು ಖುಷಿಯಲ್ಲಿ ಅವಳನ್ನು ಯಾರೂ ನೋಡಿರಲಿಲ್ಲ.

ತಿಂಗಳ ಕೊನೆಗೆ ಪರೀಕ್ಷೆ ಇರುತ್ತದೆ ಎನ್ನುವುದು ಅವಳಿಗೆ ತಿಳಿಯದ್ದೇನಲ್ಲ. ಆದರೆ ಮಾರ್ಲೆನಿ ಪುಸ್ತಕ ಓದುವುದಿಲ್ಲ, ಚೌಕ ಓದುತ್ತಾಳೆ. ಚೌಕ ಬರೆದವಳು ತಾನು. ಈ ಎರಡನ್ನು ಕೂಡಿಸಿ ನೋಡಲು ಅವಳಿಗೆ ತೋಚಲೇ ಇಲ್ಲ. ಊರಿನವರೆಲ್ಲ ಪೆದ್ದರು ಎಂದು ಗಟ್ಟಿಯಾಗಿ ನಂಬಿದವರಿಗೆ ತಮ್ಮ ಪೆದ್ದುತನ ಕಾಣುವುದು ಯಾವಾಗಲೂ ತಡವಾಗಿಯೇ.

ಜುಲೈ ಮೊದಲ ವಾರದ ವಿರಾಮದ ಹೊತ್ತಿನಲ್ಲಿ ಯಾಸುರಿ ಗ್ರಂಥಾಲಯಕ್ಕೆ ಬಂದು ಕಪಾಟಿನ ಕಡೆ ಹೋಗದೆ ಮೇಜಿಗೆ ಕೂತಳು. ಅವಳ ಮುಂದೆ ಒಂದು ಬರೆಯುವ ಪುಸ್ತಕ, ಪರೀಕ್ಷೆಯ ಉತ್ತರಪತ್ರಿಕೆ, ಎರ್ಮಿಂದಾ ಬರೆದ ಚೌಕದ ಅಚ್ಚಾದ ಹಾಳೆ.

"ಏನೇ ಅದು?"

"ಇಪ್ಪತ್ತಕ್ಕೆ ಏಳು ಬಂತು ಮಿಸ್. ವಾರಪೂರ್ತಿ ವಿರಾಮ ಇಲ್ಲ. ಇದನ್ನ ದಿನಾ ಐವತ್ತು ಸಲ ಬರೀಬೇಕು. ಆಮೇಲೆ ಮರುಪರೀಕ್ಷೆ. ಅಮ್ಮನ್ನೂ ಕರೆಸಿದ್ರು. ಅಂಗಡಿ ಮುಚ್ಚಿ ಬಂದಿದ್ಲು."

ಎರ್ಮಿಂದಾ ಉತ್ತರಪತ್ರಿಕೆ ತೆಗೆದುಕೊಂಡು ನೋಡಿದಳು. ಹೆಜ್ಜಾರ್ಲೆ ಪ್ರತಿಮೆಯ ಬಳಿ ಕಲಿಸುವ ಮೌಲ್ಯ ಯಾವುದು? ಯಾಸುರಿ ಬರೆದಿದ್ದಳು: 'ಅದು ಕಲಿಸಲಿಲ್ಲ, ಹಿಕ್ಕೆ ಹಾಕಿತು.' ಈ ಪುಸ್ತಕದಿಂದ ನೀನು ಕಲಿತದ್ದೇನು? 'ಏನೂ ಇಲ್ಲ. ಅದಕ್ಕೇ ಐದು ಸಲ ಓದಿದೆ.' ಎರಡಕ್ಕೂ ಕೆಂಪು ಶಾಯಿಯ ಗೀಟು. ಪಕ್ಕದಲ್ಲಿ ಮಾರ್ಲೆನಿ ಸರಿಯುತ್ತರವನ್ನು ತನ್ನ ದುಂಡನೆಯ ಅಕ್ಷರದಲ್ಲಿ ಬರೆದುಕೊಟ್ಟಿದ್ದಳು. ಸಾರ್ವಜನಿಕ ಸ್ಥಳಗಳ ಶುಚಿತ್ವ ನಮ್ಮೆಲ್ಲರ ಹೊಣೆ. ಹುಡುಗಿ ಐವತ್ತು ಸಲ ಬರೆಯಬೇಕಾಗಿದ್ದ ವಾಕ್ಯವೂ ಅದೇ.

ಎರ್ಮಿಂದಾ ನೇರವಾಗಿ ಟೀಚರುಗಳ ಕೋಣೆಗೆ ಹೋದಳು. ಮಾರ್ಲೆನಿ ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದಳು.

"ಮಾರ್ಲೆನಿ, ಆ ಹುಡುಗಿ ಬರೆದಿರೋದೇ ಸರಿ. ಹಾಳೆಯಲ್ಲಿರೋದು ಸುಳ್ಳು. ನಾನು ತಮಾಷೆಗೆ ಬರೆದದ್ದು ಅದು."

"ತಮಾಷೆಗಾ?"

"ಆ ಹಕ್ಕಿ ಪ್ರತಿಮೆ ಮೇಲೆ ಹೇಲುತ್ತೆ ಕಣಮ್ಮ! ಶುಚಿತ್ವ ಎಲ್ಲಿಂದ ಬಂತು? ಒಂದ್ಸಲ ತೆಗೆದು ನೋಡಬಾರ್ದಾ?"

ಮಾರ್ಲೆನಿ ಬಿಸ್ಕತ್ತನ್ನು ಪೂರ್ತಿ ತಿಂದಳು. ಆಮೇಲೆ ಮೆಲ್ಲಗೆ, ಸಿಟ್ಟಿಲ್ಲದೆ ಹೇಳಿದಳು.

"ಮೂವತ್ತೊಂದನೇ ಪುಟ. ನೋಡಿದೀನಿ ಮಿಸ್. ನಾನೇನು ಕುರುಡಿ ಅಲ್ಲ. ಡಿಸೆಂಬರಲ್ಲಿ ನೋಡಿರ್ಲಿಲ್ಲ, ಪ್ರಶ್ನೆಪತ್ರಿಕೆ ಮಾಡೋವಾಗ ನೋಡ್ದೆ. ಎದೆ ಧಸಕ್ ಅಂತು. ಆಮೇಲೆ ನಿಮ್ಮ ಹಾಳೆ ನೋಡಿ ಸಮಾಧಾನ ಮಾಡ್ಕೊಂಡೆ. ದೋನ್ಯಾ ಪೆರ್ಪೆತುವಾ ಅದನ್ನ ಅಪ್ಪ ಅಮ್ಮಂದಿರಿಗೆಲ್ಲ ಹಂಚಿದಾರೆ. ಸುಳ್ಳು ಅಂತೀರಾ? ಸರಿ, ಬನ್ನಿ, ಈಗಲೇ ಹೋಗಿ ಅವರ ಹತ್ರ ಹೇಳೋಣ. ಹುಡುಗಿಗೆ ಇಪ್ಪತ್ತು ಹಾಕ್ತೀನಿ. ಮೂವತ್ತು ಪುಸ್ತಕಾನೂ ಸಂಜೆಯೊಳಗೆ ವಾಪಸ್ ಹೋಗುತ್ತೆ. ನೀವೂ ಹೋಗ್ಬೇಕಾಗುತ್ತೋ ಏನೋ."

ಅವಳು ಎದ್ದು ನಿಂತು ಬಾಗಿಲು ತೆರೆದು ಹಿಡಿದಳು. ಮುಖ್ಯೋಪಾಧ್ಯಾಯಿನಿಯ ಕೋಣೆ ಅಲ್ಲಿಂದ ಇಪ್ಪತ್ತು ಹೆಜ್ಜೆ. ಎರ್ಮಿಂದಾಳಿಗೆ ಐವತ್ತಾರು ವಯಸ್ಸು. ಈ ಊರಿನಲ್ಲಿ ಇನ್ನೊಂದು ಗ್ರಂಥಾಲಯವಿರಲಿಲ್ಲ. ಅವಳ ನಾಲಿಗೆ ಹತ್ತೊಂಬತ್ತು ವರ್ಷದಲ್ಲಿ ಯಾರಿಗೂ ಸೋತಿರಲಿಲ್ಲ, ಯಾಕೆಂದರೆ ಅದಕ್ಕೆ ಯಾವತ್ತೂ ಬೆಲೆ ತೆರಬೇಕಾಗಿ ಬಂದಿರಲಿಲ್ಲ. ಅವಳು ಬಾಗಿಲ ತನಕ ಹೋದಳು, ನಿಂತಳು.

"ಮರುಪರೀಕ್ಷೆ ಯಾವತ್ತು?" ಎಂದು ಕೇಳಿದಳು.

"ಶುಕ್ರವಾರ," ಎಂದು ಮಾರ್ಲೆನಿ ಬಾಗಿಲು ಮುಚ್ಚಿದಳು. ಅವಳ ಮುಖದಲ್ಲಿ ಗೆದ್ದ ಕಳೆಯೂ ಇರಲಿಲ್ಲ. ಅದೇ ಎರ್ಮಿಂದಾಳಿಗೆ ಹೆಚ್ಚು ಚುಚ್ಚಿತು. ಇಷ್ಟು ವರ್ಷ ತಾನು ಪೆದ್ದಿ ಎಂದುಕೊಂಡಿದ್ದವಳಿಗೆ ಎಲ್ಲವೂ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದಳು. ಈಗ ತಾನೂ ಸುಮ್ಮನಾದಳು. ಇಬ್ಬರಿಗೂ ಇದ್ದ ವ್ಯತ್ಯಾಸ ಇಷ್ಟೇ, ಮಾರ್ಲೆನಿ ಸುಮ್ಮನಿರುವಾಗ ಊರನ್ನು ಹಂಗಿಸುತ್ತಿರಲಿಲ್ಲ.

ಅವಳು ಮರಳಿ ಬಂದಾಗ ಯಾಸುರಿ ಹನ್ನೆರಡನೇ ಸಲ ಬರೆಯುತ್ತಿದ್ದಳು. ತಲೆಯೆತ್ತದೆ ಹೇಳಿದಳು:

"ಈ ಹಾಳೆ ಕೆಳಗೆ ನಿಮ್ಮ ಹೆಸರಿದೆ ಮಿಸ್."

"ಹೂಂ."

"ನೀವೇ ಬರೆದದ್ದಾ?"

"ನಾನೇ."

"ನಿಮಗೆ ಒಂದು ಕಡೇನೂ ನಗು ಬರ್ಲಿಲ್ವಾ, ಓದೋವಾಗ?"

ಸಮಿತಿಯವರು ಯಾರಾದರೂ ಹೀಗೆ ಕೇಳಿದ್ದರೆ ಎರ್ಮಿಂದಾ ಅವರನ್ನು ಅಲ್ಲೇ ನೀರಿಳಿಸಿಬಿಡುತ್ತಿದ್ದಳು. ಈ ಹುಡುಗಿ ಕೇಳಿದ್ದು ಅನುಕಂಪದಿಂದ. ಜ್ವರ ಬಂದು ಜಾತ್ರೆ ತಪ್ಪಿಸಿಕೊಂಡವರನ್ನು ವಿಚಾರಿಸುವ ಹಾಗೆ.

"ಬಂತು. ತುಂಬಾ ನಕ್ಕಿದ್ದೆ."

"ಮತ್ತೆ ಯಾಕೆ ಹೀಗೆ ಬರೆದ್ರಿ?"

"ಹೀಗೆ ಬರೆದ್ರೆ ಮಾತ್ರ ತರಿಸ್ತಾರೆ ಅಂತ. ನಿನಗೆ ಮಾತು ಕೊಟ್ಟಿದ್ನಲ್ಲ."

ಯಾಸುರಿ ಪೆನ್ನು ಕೆಳಗಿಟ್ಟು ಯೋಚಿಸಿದಳು. ಅವಳಿಗೆ ಸಿಟ್ಟು ಬರಲಿ ಎಂದು ಎರ್ಮಿಂದಾ ಮನಸ್ಸಿನಲ್ಲೇ ಬೇಡಿಕೊಂಡಳು. ಬರಲಿಲ್ಲ. ಹುಡುಗಿಯ ಮುಖ ಲೆಕ್ಕ ಬಿಡಿಸಿದವರ ಮುಖದಂತೆ ತಿಳಿಯಾಯಿತು.

"ಓ. ಹಾಗಾ ಅದು," ಎಂದು ಅವಳು ಹದಿಮೂರನೇ ಸಲ ಬರೆಯತೊಡಗಿದಳು.

ಶುಕ್ರವಾರದ ಮರುಪರೀಕ್ಷೆಯಲ್ಲಿ ಯಾಸುರಿ ಚೋಕೆಗೆ ಇಪ್ಪತ್ತಕ್ಕೆ ಇಪ್ಪತ್ತು ಬಂತು. ತರಗತಿಯಲ್ಲಿ ಬೇರೆ ಯಾರಿಗೂ ಅಷ್ಟು ಬಂದಿರಲಿಲ್ಲ. ದೋನ್ಯಾ ಪೆರ್ಪೆತುವಾ ಆ ಉತ್ತರಪತ್ರಿಕೆಯನ್ನು ತಾವೇ ಗ್ರಂಥಾಲಯಕ್ಕೆ ಹಿಡಿದುಕೊಂಡು ಬಂದರು. ಹಿಂದೆ ಯಾಸುರಿ ಬಂದಳು, ಕೈಕಟ್ಟಿಕೊಂಡು.

"ಓದಿ ಎರ್ಮಿಂದಾ, ಓದಿ! ನಿಮ್ಮ ಹೆಜ್ಜಾರ್ಲೆ ಒಂದು ಮಗೂನ ಹೇಗೆ ತಿದ್ದಿದೆ ನೋಡಿ. ಮುಂದಿನ ವರ್ಷ ಹತ್ತೂ ಪುಸ್ತಕಕ್ಕೆ ಹಾಳೆ ನೀವೇ ಬರೀಬೇಕು. ಇಲ್ಲ ಅನ್ನೋ ಹಾಗಿಲ್ಲ."

ಎರ್ಮಿಂದಾ ಓದಿದಳು. ಈ ಪುಸ್ತಕದಿಂದ ನೀನು ಕಲಿತದ್ದೇನು? 'ಮೊದಲು ನಾನು ಈ ಪುಸ್ತಕ ಓದಿ ನಗುತ್ತಿದ್ದೆ. ಅದು ತಪ್ಪೆಂದು ಈಗ ತಿಳಿಯಿತು. ಸಾರ್ವಜನಿಕ ಸ್ಥಳಗಳ ಶುಚಿತ್ವ, ಹಿರಿಯರ ಮುಂದೆ ವಿನಯ ಮತ್ತು ಜ್ಞಾನದ ಹಸಿವನ್ನು ಹೆಜ್ಜಾರ್ಲೆ ನನಗೆ ಕಲಿಸಿತು. ಇದಕ್ಕಾಗಿ ನಾನು ನನ್ನ ಗುರುಗಳಿಗೆ ಋಣಿಯಾಗಿದ್ದೇನೆ.' ಅಕ್ಷರ ಮುತ್ತಿನಂತಿತ್ತು. ಒಂದೂ ತಪ್ಪಿರಲಿಲ್ಲ, ಒಂದು ಮಾತೂ ಆ ಹುಡುಗಿಯದಾಗಿರಲಿಲ್ಲ. ಮೊದಲ ಎರಡು ಸಾಲು ಮತ್ತು ಕೊನೆಯ 'ಋಣಿಯಾಗಿದ್ದೇನೆ', ಇಷ್ಟು ಮಾತ್ರ ಹಾಳೆಯಲ್ಲಿ ಇರದಿದ್ದದ್ದು. ಅವನ್ನು ಅವಳು ಸ್ವಂತವಾಗಿ ಸೇರಿಸಿದ್ದಳು.

ದೋನ್ಯಾ ಪೆರ್ಪೆತುವಾ ಕಣ್ಣೊರೆಸಿಕೊಳ್ಳುತ್ತಾ ಹೊರಗೆ ಹೋದರು. ಯಾಸುರಿ ಅಲ್ಲೇ ನಿಂತಿದ್ದಳು. ಅವಳ ಮುಖದಲ್ಲಿ ಅಣಕವಿರಲಿಲ್ಲ, ಮುನಿಸಿರಲಿಲ್ಲ. ಕಸುಬು ಕಲಿಯುವವರು ಕಲಿಸಿದವರ ಕಡೆ ನೋಡುವಂತೆ ನೋಡುತ್ತಿದ್ದಳು.

"ಸರಿಯಾಗಿ ಬರ್ದಿದೀನಾ ಮಿಸ್?" ಎಂದು ಕೇಳಿದಳು.

"ಸರಿಯಾಗಿದೆ," ಎಂದಳು ಎರ್ಮಿಂದಾ.